ಮಾದರಿ ಕಟ್ಟಡಕ್ಕೆ ಕರಾವಳಿಯ ವಯಸ್ಸು: ಹಳತಾಗಿಸುವ ಕೆಲಸದ ಸಮಗ್ರ ಮಾರ್ಗದರ್ಶಿ

ಅಳತೆ ತಪ್ಪದೆ ಕಟ್ಟಿ, ಅಚ್ಚುಕಟ್ಟಾಗಿ ಬಣ್ಣ ಬಳಿದ ಮಾದರಿ ಕಟ್ಟಡವೂ ಮೇಜಿನ ಮೇಲಿಟ್ಟ ಕೂಡಲೇ ಆಟಿಕೆಯಂತೆ ಕಾಣುವುದುಂಟು. ಅದರ ಗೋಡೆ, ಮಾಡು (ಛಾವಣಿ), ಬಾಗಿಲು, ಕಿಟಕಿಯ ಸರಳು ಎಲ್ಲವೂ ಒಂದೇ ದಿನ ಹುಟ್ಟಿದಂತಿರುವುದೇ ಇದಕ್ಕೆ ಮುಖ್ಯ ಕಾರಣ. ನಿಜವಾದ ಕಟ್ಟಡದಲ್ಲಿ ಒಂದೊಂದು ಭಾಗವೂ ಒಂದೊಂದು ವೇಗದಲ್ಲಿ ಹಳತಾಗುತ್ತದೆ. ಈ ವೇಗದ ವ್ಯತ್ಯಾಸವನ್ನು ಬಣ್ಣದಲ್ಲಿ ತೋರಿಸುವ ಕೆಲಸಕ್ಕೆ ಹವ್ಯಾಸಿಗಳು ವೆದರಿಂಗ್ ಎನ್ನುತ್ತಾರೆ. ಅದರ ಬಹುತೇಕ ವಿಧಾನಗಳು ಯುರೋಪ್ ಮತ್ತು ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಹಾಗೂ ಯುದ್ಧವಾಹನಗಳ ಮಾದರಿ ತಯಾರಕರ ಕೈಯಲ್ಲಿ ಬೆಳೆದು ಬಂದವು. ಆದ್ದರಿಂದಲೇ ಅವುಗಳಲ್ಲಿ ಕಲ್ಲಿದ್ದಲಿನ ಮಸಿ, ಒಣ ಧೂಳು ಮತ್ತು ಬಿಳಿಚಿದ ಇಟ್ಟಿಗೆಗೆ ದೊಡ್ಡ ಪಾಲಿದೆ. ಆ ಸೂತ್ರಗಳನ್ನು ಹಾಗೆಯೇ ತಂದು ಮಂಗಳೂರಿನ ಹಂಚಿನ ಕಟ್ಟಡದ ಮೇಲೆ ಬಳಿದರೆ, ಕೆಲಸ ಎಷ್ಟೇ ಸೂಕ್ಷ್ಮವಾಗಿದ್ದರೂ ಕಟ್ಟಡ ಬೇರೆ ಯಾವುದೋ ಊರಿನದ್ದಾಗುತ್ತದೆ.

ನಮ್ಮ ಕರಾವಳಿಯಲ್ಲಿ ಕಟ್ಟಡವನ್ನು ಹಳತಾಗಿಸುವುದು ಪ್ರಧಾನವಾಗಿ ನೀರು. ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಉಳಿದ ಅವಧಿಯಲ್ಲಿ ಸುಡುವ ಬಿಸಿಲು ಮತ್ತು ಉಪ್ಪಿನಂಶ ಹೊತ್ತ ಗಾಳಿ. ಆದ್ದರಿಂದ ಈ ಮಾರ್ಗದರ್ಶಿಯ ಉದ್ದಕ್ಕೂ ಒಂದೇ ನಿಯಮವನ್ನು ಪಾಲಿಸಲಾಗಿದೆ: ಕುಂಚ ಹಿಡಿಯುವ ಮೊದಲು ಆ ಜಾಗಕ್ಕೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂಬುದನ್ನು ನಿರ್ಧರಿಸಬೇಕು. ಈ ಮೂರಕ್ಕೂ ಉತ್ತರವಿಲ್ಲದ ಕಲೆಯನ್ನು ಬಳಿಯಬಾರದು.

ಉದಾಹರಣೆಗಾಗಿ ಮಂಗಳೂರಿನ ಹಳೆ ಬಂದರಿನ ಬೀದಿಗಳಲ್ಲಿ ಕಾಣುವಂಥ ಒಂದು ಗೋದಾಮನ್ನು ಇಟ್ಟುಕೊಳ್ಳೋಣ. ಕೆಂಪುಕಲ್ಲಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆ, ಹಂಚಿನ ಮಾಡು, ಮರದ ದೊಡ್ಡ ಬಾಗಿಲು, ಪಕ್ಕದಲ್ಲಿ ತಗಡಿನ ಇಳಿಮಾಡು. ಪ್ರಮಾಣ 1:50. ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಪ್ರಮಾಣ. ಮಾದರಿ ರೈಲಿನ 1:87ರಲ್ಲಿ ಕೆಲಸ ಮಾಡುವವರು ಇಲ್ಲಿ ಕೊಟ್ಟ ಅಳತೆಗಳನ್ನು ಸುಮಾರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಎಂದು ಲೆಕ್ಕ ಹಾಕಿಕೊಳ್ಳಬಹುದು.

ಮೊದಲು ನೋಡುವ ಕೆಲಸ

ಒಂದೇ ಗೋಡೆಯನ್ನು ಏಪ್ರಿಲ್ ಕೊನೆಗೊಮ್ಮೆ, ಆಟಿ ತಿಂಗಳಲ್ಲೊಮ್ಮೆ (ಜುಲೈ-ಆಗಸ್ಟ್) ಫೋಟೋ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ವಿಷಯದ ಅರ್ಧ ಪಾಠ ಮುಗಿದಂತೆ. ಬೇಸಿಗೆಯಲ್ಲಿ ಬೂದುಗಪ್ಪಾಗಿದ್ದ ಕಲೆಗಳು ಮಳೆಯಲ್ಲಿ ಕಡುಗಪ್ಪಾಗಿರುತ್ತವೆ, ಒಣಗಿ ಕಂದಾಗಿದ್ದ ಪಾಚಿ ಹಸಿರಾಗಿರುತ್ತದೆ. ನಿಮ್ಮ ಮಾದರಿ ಯಾವ ಋತುವಿನಲ್ಲಿದೆ ಎಂಬುದನ್ನು ಈ ಹಂತದಲ್ಲೇ ತೀರ್ಮಾನಿಸಬೇಕು. ಹಸಿ ಹಾವಸೆ ಮತ್ತು ಒಣ ಧೂಳು ಒಂದೇ ಗೋಡೆಯಲ್ಲಿ ಒಟ್ಟಿಗೆ ಕಾಣಿಸಿಕೊಂಡರೆ, ನೋಡುವವರಿಗೆ ಕಾರಣ ಹೊಳೆಯದಿದ್ದರೂ ಏನೋ ಸರಿಯಿಲ್ಲ ಎಂದು ಅನ್ನಿಸಿಯೇ ಅನ್ನಿಸುತ್ತದೆ.

ಎರಡನೆಯದಾಗಿ ದಿಕ್ಕು. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುವುದರಿಂದ ಕಟ್ಟಡದ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ ಎರಚಲು ಹೆಚ್ಚು. ಅಲ್ಲಿ ಬಣ್ಣ ಬೇಗ ತೊಳೆದು ಹೋಗುತ್ತದೆ, ಗಾರೆ ಬೇಗ ಸಡಿಲವಾಗುತ್ತದೆ. ಉತ್ತರದ ಗೋಡೆಗೆ ಮಳೆಯ ಹೊಡೆತ ಕಡಿಮೆಯಾದರೂ ಬಿಸಿಲೂ ಕಡಿಮೆ, ಹಾಗಾಗಿ ತೇವ ನಿಂತು ಪಾಚಿ ಕಟ್ಟುತ್ತದೆ. ಮಾದರಿಯ ತಳದಲ್ಲಿ ಪೆನ್ಸಿಲಿನಿಂದ ಒಂದು ಬಾಣದ ಗುರುತು ಹಾಕಿ ಉತ್ತರವನ್ನು ನಿಗದಿಪಡಿಸಿಕೊಳ್ಳುವುದು ಸಣ್ಣ ಕೆಲಸ. ಆದರೆ ನಾಲ್ಕೂ ಗೋಡೆಗಳನ್ನು ಒಂದೇ ರೀತಿಯಲ್ಲಿ ಕೊಳೆ ಮಾಡುವ ಅಭ್ಯಾಸವನ್ನು ತಪ್ಪಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ನೋಡಲು ಜಾಗಗಳಿಗೇನೂ ಕೊರತೆಯಿಲ್ಲ. ಮಂಗಳೂರಿನ ಬಂದರು, ಕಾರ್‌ಸ್ಟ್ರೀಟ್, ಮಲ್ಪೆಯ ಮೀನುಗಾರಿಕಾ ಬಂದರಿನ ಸುತ್ತಮುತ್ತ, ಉಡುಪಿಯ ರಥಬೀದಿಯ ಅಕ್ಕಪಕ್ಕದ ಓಣಿಗಳು ಎಲ್ಲವೂ ಉತ್ತಮ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದ ಮನೆಗಳನ್ನು ಮರದ ಜೋಡಣೆ ಮತ್ತು ಹಳೆ ಮರದ ಬಣ್ಣಕ್ಕಾಗಿ ನೋಡಬೇಕು. ಅವು ಬಿಚ್ಚಿ ತಂದು ಮರುಜೋಡಿಸಿ ಜೋಪಾನವಾಗಿ ಕಾಪಾಡಿದ ಕಟ್ಟಡಗಳಾದ್ದರಿಂದ ಶಿಥಿಲತೆಯ ಅಧ್ಯಯನಕ್ಕೆ ಅವುಗಳನ್ನು ಆಧಾರ ಮಾಡಿಕೊಳ್ಳಬಾರದು.

ಕಲೆಗೂ ಪ್ರಮಾಣವುಂಟು

1:50ರ ಮಾದರಿಯನ್ನು 30 ಸೆಂ.ಮೀ ದೂರದಿಂದ ನೋಡುವುದೆಂದರೆ ನಿಜವಾದ ಕಟ್ಟಡವನ್ನು 15 ಮೀಟರ್ ದೂರದಿಂದ ನೋಡಿದಂತೆ. ಹದಿನೈದು ಮೀಟರ್ ಆಚೆಯಿಂದ ನಿಮಗೆ ಯಾವುದು ಕಾಣುವುದಿಲ್ಲವೋ ಅದನ್ನು ಮಾದರಿಯಲ್ಲಿ ತೋರಿಸುವ ಅಗತ್ಯವಿಲ್ಲ. ಐದು ಸೆಂ.ಮೀ ಅಗಲದ ನೀರಿನ ಕಲೆ ಇಲ್ಲಿ 1 ಮಿ.ಮೀ ಆಗುತ್ತದೆ, ಬಾಗಿಲಿನ ಬಣ್ಣ ಒಂದು ಸೆಂ.ಮೀ ಎದ್ದಿದ್ದರೆ ಅದು 0.2 ಮಿ.ಮೀ, ಅಂದರೆ ಸೂಜಿಮೊನೆಯ ಒಂದು ಚುಕ್ಕೆ. ಎರಡು ಸೆಂ.ಮೀ ದಪ್ಪದ ಗಾರೆ 0.4 ಮಿ.ಮೀ. ಹಂಚಿನ ಪೂರ್ತಿ ಉದ್ದ ಸುಮಾರು 41 ಸೆಂ.ಮೀ ಇದ್ದರೂ ಒಂದರ ಮೇಲೊಂದು ಹಾಸಿದಾಗ ಕಾಣುವುದು ಸುಮಾರು 32 ಸೆಂ.ಮೀ ಉದ್ದ, 20 ಸೆಂ.ಮೀ ಅಗಲ ಮಾತ್ರ. ಮಾದರಿಯಲ್ಲಿ ಅದು 6.4 ಮತ್ತು 4 ಮಿ.ಮೀ. ಹೆಚ್ಚಿನ ಮಾದರಿಗಳು ಅತಿಯಾಗಿ ಕೊಳೆಯಾಗಿ ಕಾಣುವುದು ಕಲೆಗಳ ಸಂಖ್ಯೆ ಹೆಚ್ಚಾದುದರಿಂದಲ್ಲ, ಅವುಗಳ ಅಳತೆ ದೊಡ್ಡದಾದುದರಿಂದ ಎಂಬುದು ನನ್ನ ಅಭಿಪ್ರಾಯ.

ಸಾಮಗ್ರಿ ಮತ್ತು ತಳಬಣ್ಣ

ದುಬಾರಿ ಆಮದು ಬಾಟಲಿಗಳು ಬೇಕಾಗಿಲ್ಲ. ವಿದ್ಯಾರ್ಥಿಗಳ ದರ್ಜೆಯ ಅಕ್ರಿಲಿಕ್ ಬಣ್ಣಗಳಲ್ಲಿ ಬರ್ನ್ಟ್ ಅಂಬರ್, ಬರ್ನ್ಟ್ ಸಿಯೆನ್ನಾ, ರಾ ಅಂಬರ್, ಯೆಲ್ಲೋ ಓಕರ್, ಇಂಡಿಯನ್ ರೆಡ್, ಸ್ಯಾಪ್ ಗ್ರೀನ್, ಪೇನ್ಸ್ ಗ್ರೇ, ಬಿಳಿ, ಬರ್ನ್ಟ್ ಅಂಬರ್ ಮತ್ತು ಪೇನ್ಸ್ ಗ್ರೇ ತೈಲವರ್ಣದ ಒಂದೊಂದು ಟ್ಯೂಬು, ಟರ್ಪೆಂಟೈನ್, ಔಷಧದಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್, ಮ್ಯಾಟ್ ವಾರ್ನಿಶ್, ಫೆವಿಕಾಲ್, ಗೋಡೆಗೆ ಹಚ್ಚುವ ಪುಟ್ಟಿ ಒಂದು ಹಿಡಿ, ಹಳೆಯ ಹಲ್ಲುಜ್ಜುವ ಬ್ರಶ್ಶು ಮತ್ತು ಪಾತ್ರೆ ತೊಳೆಯುವ ಸ್ಪಾಂಜಿನ ತುಂಡು. ಇಷ್ಟು ಸಾಕು. ಒಣಪುಡಿಗಳನ್ನು ಊರಿನಲ್ಲೇ ಮಾಡಿಕೊಳ್ಳಬಹುದು: ಒಡೆದ ಹಂಚಿನ ಚೂರು, ಕೆಂಪುಕಲ್ಲಿನ ಹುಡಿ, ಇದ್ದಿಲು ಇವುಗಳನ್ನು ಬೇರೆ ಬೇರೆಯಾಗಿ ಕುಟ್ಟಿ ತೆಳು ನೈಲಾನ್ ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿದರೆ ಅಂಗಡಿಯ ಪಿಗ್ಮೆಂಟಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲದ ಪುಡಿ ಸಿಗುತ್ತದೆ. ಪುಡಿ ಮಾಡುವಾಗ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಬೇಕು.

ದ್ರಾವಕಗಳ ವಿಷಯದಲ್ಲಿ ಎಚ್ಚರ ಬೇಕು. ಥರ್ಮಾಕೋಲ್ ಅಥವಾ ಫೋಮ್ ತಳದ ಮೇಲೆ ಸ್ಪ್ರೇ ಪೇಂಟ್, ಥಿನ್ನರ್ ನೇರವಾಗಿ ತಗುಲಿದರೆ ಅದು ಕರಗಿ ಕುಳಿ ಬೀಳುತ್ತದೆ. ಅಂಥ ಮೇಲ್ಮೈಗೆ ಮೊದಲು ಫೆವಿಕಾಲ್ ನೀರು ಅಥವಾ ಅಕ್ರಿಲಿಕ್‌ನ ಎರಡು ಹೊದಿಕೆ ಕೊಟ್ಟು ಮುಚ್ಚಬೇಕು. ಮೌಂಟ್ ಬೋರ್ಡ್ ಎಂಬ ದಪ್ಪ ರಟ್ಟಿನ ಕತ್ತರಿಸಿದ ಅಂಚುಗಳು ನೀರು ಹೀರಿ ಉಬ್ಬುವುದರಿಂದ ಅವನ್ನೂ ವಾರ್ನಿಶ್ ಹಚ್ಚಿ ಮುಚ್ಚಬೇಕು. ಅಕ್ರಿಲಿಕ್ ಪೂರ್ತಿ ಒಣಗಿದ ಮೇಲೆ ಅದರ ಮೇಲೆ ಟರ್ಪೆಂಟೈನ್ ಬೆರೆಸಿದ ತೈಲವರ್ಣ ಬಳಸಿದರೆ ಕೆಳಗಿನ ಬಣ್ಣ ಅಲುಗಾಡುವುದಿಲ್ಲ, ಮತ್ತು ಒಪ್ಪಿಗೆಯಾಗದ ಕಲೆಯನ್ನು ಅದೇ ಟರ್ಪೆಂಟೈನಿನಿಂದ ಒರೆಸಿ ತೆಗೆಯಬಹುದು. ಕೆಳಗೆ ಹೇಳುವ ಕೆಲಸದ ಬಹುಪಾಲು ಈ ಒಂದು ಅನುಕೂಲದ ಮೇಲೆ ನಿಂತಿದೆ.

ಕೆಂಪುಕಲ್ಲು ಮತ್ತು ಗಾರೆ

ಮುರಕಲ್ಲು ಎಂದೂ ಕರೆಯುವ ಈ ಕಲ್ಲನ್ನು ಕ್ವಾರಿಯಿಂದ ಕಡಿದಾಗ ಮೃದುವಾಗಿರುತ್ತದೆ. ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುತ್ತದೆ, ಬಣ್ಣವೂ ಗಾಢವಾಗುತ್ತದೆ. ಹೊಸ ಕಲ್ಲಿನಲ್ಲಿ ಇಟ್ಟಿಗೆಗೆಂಪಿನ ನಡುವೆ ಹಳದಿ, ನಸುಬಿಳಿ ತೇಪೆಗಳಿದ್ದರೆ, ಹಲವು ಮಳೆ ಕಂಡ ಕಲ್ಲು ಕಂದುಗಪ್ಪಿಗೆ ತಿರುಗಿರುತ್ತದೆ. ಮಾದರಿಯ ಗೋಡೆ ಫೋಮಿನದ್ದಾದರೆ ತಂತಿಬ್ರಶ್ಶಿನಿಂದ ಲಘುವಾಗಿ ಕುಟ್ಟಿ ರಂಧ್ರಗಳನ್ನು ಮೂಡಿಸಬೇಕು. ಪುಟ್ಟಿಯದ್ದಾದರೆ ಅದು ಅರೆ ಒಣಗಿದಾಗ ಹಲ್ಲಿನ ಬ್ರಶ್ಶಿನ ತುದಿಯಿಂದ ಒತ್ತಬೇಕು. ಕಲ್ಲುಗಳ ನಡುವಿನ ಸಂದುಗಳನ್ನು ಚೂಪಾದ ಪೆನ್ಸಿಲಿನಿಂದ ಗೀರಬಹುದು.

ತಳಕ್ಕೆ ಬರ್ನ್ಟ್ ಸಿಯೆನ್ನಾದಲ್ಲಿ ಸ್ವಲ್ಪ ಓಕರ್ ಬೆರೆಸಿ ಇಡೀ ಗೋಡೆಗೆ ಹಚ್ಚಬೇಕು. ಆಮೇಲೆ ಐದಕ್ಕೆ ಒಂದರಂತೆ ಬಿಡಿ ಕಲ್ಲುಗಳನ್ನು ಆಯ್ದು ಕೆಲವಕ್ಕೆ ಇಂಡಿಯನ್ ರೆಡ್, ಕೆಲವಕ್ಕೆ ಓಕರ್, ಕೆಲವಕ್ಕೆ ಅಂಬರ್ ಬೆರೆಸಿದ ಛಾಯೆ ಕೊಡಬೇಕು. ಒಣಗಿದ ಬಳಿಕ ಬರ್ನ್ಟ್ ಅಂಬರ್ ಮತ್ತು ಪೇನ್ಸ್ ಗ್ರೇಯನ್ನು ತುಂಬ ನೀರಿನಲ್ಲಿ ಕದಡಿದ ವಾಶನ್ನು ಹರಿಯಬಿಟ್ಟರೆ ಅದು ರಂಧ್ರಗಳಿಗೆ ಇಳಿಯುತ್ತದೆ. ಪಾತ್ರೆ ತೊಳೆಯುವ ಸೋಪಿನ ಒಂದೇ ಒಂದು ಹನಿ ಸೇರಿಸಿದರೆ ನೀರು ಮಣಿಗಟ್ಟದೆ ಸರಾಗವಾಗಿ ಹರಡುತ್ತದೆ. ಕೊನೆಗೆ ಓಕರ್ ಮತ್ತು ಬಿಳಿ ಬೆರೆತ ಬಣ್ಣವನ್ನು ಬ್ರಶ್ಶಿಗೆ ತಾಗಿಸಿ, ಬಟ್ಟೆಗೆ ಒರೆಸಿ, ಉಳಿದ ಅಲ್ಪವನ್ನು ಕಲ್ಲಿನ ಉಬ್ಬುಗಳ ಮೇಲೆ ಸವರಬೇಕು. ಈ ಡ್ರೈ ಬ್ರಶ್ ಬೇರೆ ಕಡೆ ಅತಿಯಾಗಿ ಬಳಕೆಯಾಗುವ ತಂತ್ರ. ಕೆಂಪುಕಲ್ಲಿನಲ್ಲಿ ಮಾತ್ರ ಅದಕ್ಕೆ ನ್ಯಾಯವಾದ ಸ್ಥಾನವಿದೆ.

ಗಾರೆ ಎದ್ದು ಕಲ್ಲು ಕಾಣುವ ಗೋಡೆ ಬೇಕಿದ್ದರೆ ಕಲ್ಲನ್ನು ಪೂರ್ತಿ ಬಣ್ಣ ಮಾಡಿ ವಾರ್ನಿಶ್‌ನಿಂದ ಮುಚ್ಚಿದ ಮೇಲೆಯೇ ಗಾರೆ ಹಾಕಬೇಕು. ಎದ್ದಿರಬೇಕಾದ ಜಾಗವನ್ನು ಬಿಟ್ಟು ಉಳಿದೆಡೆ ಪುಟ್ಟಿಯನ್ನು ಅರ್ಧ ಮಿ.ಮೀಗಿಂತ ತೆಳ್ಳಗೆ ಸವರಿ, ಅದು ಚರ್ಮಗಟ್ಟುವ ಹೊತ್ತಿಗೆ ಬ್ಲೇಡಿನ ತುದಿಯಿಂದ ಅಂಚನ್ನು ಚೂರುಚೂರಾಗಿ ಎಬ್ಬಿಸಬೇಕು. ಅಂಚಿನಿಂದ ಒಂದೆರಡು ಕೂದಲೆಳೆಯ ಬಿರುಕುಗಳು ಗಾರೆಯೊಳಕ್ಕೆ ಸಾಗಬೇಕು. ಇಲ್ಲಿಯೂ ನೀರಿನ ನಿಯಮವೇ ಅನ್ವಯಿಸುತ್ತದೆ: ಗಾರೆ ಏಳುವುದು ನೆಲದಿಂದ ತೇವ ಏರುವ ಗೋಡೆಯ ಬುಡದಲ್ಲಿ, ಕಿಟಕಿಯ ಕೆಳಮೂಲೆಗಳಲ್ಲಿ, ಮಾಡಿನ ನೀರು ಸೋರುವ ಮೂಲೆಯಲ್ಲಿ. ಗೋಡೆಯ ನಟ್ಟನಡುವೆ ಕಾರಣವಿಲ್ಲದೆ ಒಂದು ತೇಪೆ ಎದ್ದಿರುವುದನ್ನು ಮಾದರಿಗಳಲ್ಲಿ ಧಾರಾಳವಾಗಿ ಕಾಣುತ್ತೇವೆ, ನಿಜವಾದ ಗೋಡೆಗಳಲ್ಲಿ ಅಪರೂಪ.

ಸುಣ್ಣ ಬಳಿದ ಗೋಡೆ ಎಂದೂ ಶುದ್ಧ ಬಿಳಿಯಲ್ಲ. ಬಿಳಿಗೆ ಓಕರಿನ ಸುಳಿವು ಬೆರೆಸಿ, ಕೆಲವೆಡೆ ಹಿಂದಿನ ವರ್ಷಗಳ ನೀಲಿ ಅಥವಾ ಹಳದಿ ಸುಣ್ಣ ಇಣುಕುವಂತೆ ಸ್ಪಾಂಜಿನಿಂದ ಒತ್ತಬಹುದು. ಪದರ ಸೀಳಿದ ಪರಿಣಾಮಕ್ಕೆ ಫೆವಿಕಾಲ್‌ನ ತೆಳು ಲೇಪ ಹಚ್ಚಿ, ಅದು ಇನ್ನೂ ಅಂಟಂಟಾಗಿರುವಾಗಲೇ ಅಕ್ರಿಲಿಕ್ ಬಳಿದರೆ ಒಣಗುತ್ತ ಮೇಲಿನ ಬಣ್ಣ ಬಿರಿಯುತ್ತದೆ. ಅಂಟಿನ ಲೇಪ ದಪ್ಪವಾದಷ್ಟೂ ಬಿರುಕು ಅಗಲವಾಗುವುದರಿಂದ ಈ ಪ್ರಮಾಣಕ್ಕೆ ತೆಳು ಲೇಪವೇ ಸರಿ. ಬೇರೆ ಹಲಗೆಯ ಮೇಲೆ ಪರೀಕ್ಷಿಸಿಯೇ ಗೋಡೆಗೆ ಬರಬೇಕು.

ಹಂಚಿನ ಮಾಡು

ನೋಡುವವರ ಕಣ್ಣು ಮಾದರಿಯ ಮೇಲೆ ಬೀಳುವುದು ಮೇಲಿನಿಂದ, ಆದ್ದರಿಂದ ಎಲ್ಲಕ್ಕಿಂತ ಹೆಚ್ಚು ಹೊತ್ತು ವ್ಯಯಿಸಬೇಕಾದುದು ಮಾಡಿನ ಮೇಲೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಈ ಕೆಂಪು ಮಾಡು ಕರಾವಳಿಯ ಗುರುತೇ ಆಗಿದೆ, ಆದರೆ ಹಂಚು ಎಂದರೆ ಒಂದೇ ಕೆಂಪು ಎಂದು ತಿಳಿಯುವುದು ತಪ್ಪು. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಸುಟ್ಟಾಗ ಕೆಂಪಾಗುತ್ತದೆ. ಆವೆಯಲ್ಲಿ ಹಂಚು ಎಲ್ಲಿತ್ತು, ಎಷ್ಟು ಬೆಂದಿತು ಎಂಬುದರ ಮೇಲೆ ಕಿತ್ತಳೆಯಿಂದ ಕಡುಗೆಂಪಿನವರೆಗೆ ಛಾಯೆ ಬದಲಾಗುತ್ತದೆ. ಅಂದರೆ ಹೊಚ್ಚಹೊಸ ಮಾಡಿನಲ್ಲಿಯೂ ಮೂರು ನಾಲ್ಕು ಛಾಯೆಗಳಿರಬೇಕು.

ಇಡೀ ಮಾಡಿಗೆ ಮಧ್ಯಮ ಛಾಯೆಯ ಹಂಚಿನ ಬಣ್ಣ ಬಳಿದು ಒಣಗಿಸಿ. ಸಣ್ಣ ಚಪ್ಪಟೆ ಕುಂಚದಿಂದ ಬಿಡಿಬಿಡಿಯಾಗಿ ಕೆಲವು ಹಂಚುಗಳನ್ನು ಕಿತ್ತಳೆಗೂ ಕೆಲವನ್ನು ಕಂದಿಗೂ ತಿರುಗಿಸಿ. ಸಾಲಾಗಿ ಅಥವಾ ಸಮ ಅಂತರದಲ್ಲಿ ಮಾಡಬಾರದು; ಕೈಗೆ ತಾನಾಗಿಯೇ ಒಂದು ವಿನ್ಯಾಸ ಅಭ್ಯಾಸವಾಗಿಬಿಡುವುದರಿಂದ ಮಾದರಿಯನ್ನು ತಲೆಕೆಳಗಾಗಿ ತಿರುಗಿಸಿಕೊಂಡು ಅರ್ಧ ಕೆಲಸ ಮಾಡುವುದು ಒಳ್ಳೆಯದು. ನಂತರ ತೈಲವರ್ಣದ ಬರ್ನ್ಟ್ ಅಂಬರ್ ಮತ್ತು ಪೇನ್ಸ್ ಗ್ರೇಯನ್ನು ಹತ್ತು ಪಾಲು ಟರ್ಪೆಂಟೈನಿನಲ್ಲಿ ಕದಡಿ ಹಂಚಿನ ತಗ್ಗುಗೆರೆಗಳಲ್ಲಿ ಇಳಿಯಲು ಬಿಡಬೇಕು. ಇಪ್ಪತ್ತು ನಿಮಿಷದ ಬಳಿಕ ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿದ ಕುಂಚದಿಂದ ಮಾಡಿನ ನೆತ್ತಿಯಿಂದ ಕೆಳಮುಖವಾಗಿ, ಅಂದರೆ ಮಳೆ ಹರಿಯುವ ದಿಕ್ಕಿನಲ್ಲಿ ಮಾತ್ರ, ಹೆಚ್ಚಿನದನ್ನು ಎಳೆದು ತೆಗೆಯಬೇಕು. ಅಡ್ಡಡ್ಡ ಒರೆಸಿದರೆ ಎಷ್ಟು ತೆಳುವಾಗಿದ್ದರೂ ಅದು ಕಾಣಿಸುತ್ತದೆ.

ಇನ್ನು ಕಪ್ಪು. ಹಳೆ ಮಾಡಿನ ಕಪ್ಪು ಬಹುಮಟ್ಟಿಗೆ ತೇವದಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳದ್ದು. ಅದು ಬಿಸಿಲು ಬೀಳುವ ಇಳಿಜಾರಿನಲ್ಲಿ ವಿರಳವಾಗಿಯೂ, ಮರದ ನೆರಳಿರುವಲ್ಲಿ ಹಾಗೂ ಉತ್ತರದ ಇಳಿಜಾರಿನಲ್ಲಿ ದಟ್ಟವಾಗಿಯೂ ಇರುತ್ತದೆ. ಸ್ಪಾಂಜಿನ ಹರಿದ ಅಂಚನ್ನು ತೆಳು ಕಪ್ಪುಗಂದಿನಲ್ಲಿ ತಾಗಿಸಿ, ಕಾಗದದ ಮೇಲೆ ಒತ್ತಿ ಹೆಚ್ಚಿನ ಬಣ್ಣ ತೆಗೆದು, ಹಂಚಿನ ಕೆಳ ಅಂಚಿನ ಕಡೆಗೆ ಒತ್ತಬೇಕು. ನೀರು ಕೊನೆಯದಾಗಿ ಬಿಡುವ ಜಾಗ ಅದೇ. ಎರಡು ಮಾಡುಗಳು ಸೇರುವ ಕಣಿವೆಯಲ್ಲಿ ಎಲೆ ಕೊಳೆತು ನಿಲ್ಲುವುದರಿಂದ ಅಲ್ಲಿ ಅತಿ ಗಾಢವಾಗಿ ಮಾಡಬಹುದು. ಪಾಚಿಯ ಗುಪ್ಪೆಗಳಿಗೆ ಸ್ಯಾಪ್ ಗ್ರೀನ್, ಓಕರ್ ಮತ್ತು ಸ್ವಲ್ಪ ಹುಡಿಯನ್ನು ಫೆವಿಕಾಲ್ ನೀರಿನಲ್ಲಿ ಕಲಸಿ ಸೂಜಿಯಿಂದ ಇಡಬೇಕು. ನಿಜವಾದ ಪಾಚಿಯನ್ನು ಒಣಗಿಸಿ ಅಂಟಿಸುವವರಿದ್ದಾರೆ. ನಮ್ಮ ಹವೆಯಲ್ಲಿ ಅದು ಬೂಸ್ಟು ಹಿಡಿಯುವುದರಿಂದ ನಾನು ಸಲಹೆ ಮಾಡುವುದಿಲ್ಲ.

ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಸತುವಿನ ಲೇಪವಿರುವ ತಗಡಿನಿಂದ ಇಳಿದ ನೀರು ಪಾಚಿಯ ಬೆಳವಣಿಗೆಯನ್ನು ತಡೆಯುತ್ತದೆ. ಆದ್ದರಿಂದ ಮಾಡಿನ ನೆತ್ತಿಯಲ್ಲಿ ತಗಡು ಹೊದಿಸಿದ್ದರೆ ಅದರ ಕೆಳಗಿನ ಒಂದು ಪಟ್ಟಿಯಷ್ಟು ಹಂಚು ಸುತ್ತಲಿನದಕ್ಕಿಂತ ಕೆಂಪಾಗಿ ಉಳಿದಿರಬಹುದು. ಇಂಥ ಒಂದು ಸ್ವಚ್ಛ ಪಟ್ಟಿ ಹತ್ತು ಕಲೆಗಳಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಒಡೆದ ಹಂಚನ್ನು ಆಗಾಗ ಬದಲಿಸುವುದು ವಾಡಿಕೆಯಾದುದರಿಂದ ಕಪ್ಪಾದ ಮಾಡಿನ ನಡುವೆ ನಾಲ್ಕಾರು ಹೊಸ ಹಂಚು ಎದ್ದು ಕಾಣಬೇಕು. ತೆಂಗಿನ ಮರ ಹತ್ತಿರವಿರುವ ಕಡೆ ಹೆಚ್ಚು, ಯಾಕೆಂದು ಹೇಳಬೇಕಿಲ್ಲ. ಒಂದೆರಡು ಗಾಜಿನ ಹಂಚು ಇರಲಿ, ಅದಕ್ಕೂ ಧೂಳು ಹಿಡಿದಿರಲಿ. ಮನೆಯ ಮಾದರಿಯಾದರೆ ಬಚ್ಚಲಿನ ಹಂಡೆ ಒಲೆಯ ಹೊಗೆ ಹಂಚಿನ ಸಂದುಗಳಿಂದಲೇ ಹೊರಬರುವುದರಿಂದ ಅಷ್ಟು ಭಾಗಕ್ಕೆ ಇದ್ದಿಲಿನ ಪುಡಿಯನ್ನು ಮೆತ್ತನೆಯ ಕುಂಚದಿಂದ ಸಂದುಗಳಿಂದ ಮೇಲ್ಮುಖವಾಗಿ ಹರಡಬೇಕು. ಮಾಡಿನಲ್ಲಿ ಇದೊಂದು ಮಾತ್ರ ಮೇಲಕ್ಕೆ ಹೋಗುವ ಕಲೆ. ಹಂಚಿನ ಮೇಲೆ ಕಾರ್ಖಾನೆಯ ಹೆಸರು ಕೊರೆಯಲು ಹೊರಡುವವರು ಮೇಲೆ ಹೇಳಿದ ಹದಿನೈದು ಮೀಟರನ್ನು ನೆನಪಿಸಿಕೊಳ್ಳಬೇಕು.

ಮರ, ಕಬ್ಬಿಣ, ತಗಡು

ಬಿಸಿಲು ಮರದ ಮೇಲ್ಪದರದ ಲಿಗ್ನಿನ್ ಅಂಶವನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆದೊಯ್ಯುತ್ತದೆ. ಎಣ್ಣೆ ಕಾಣದ ಹಲಸು, ಸಾಗುವಾನಿಯ ಹೊರಮೈ ಬೂದು ಬಣ್ಣಕ್ಕೆ ತಿರುಗುವುದು ಹೀಗೆ. ಅದೇ ಬಾಗಿಲಿನ ಮೇಲ್ಭಾಗ ಮಾಡಿನ ನೆರಳಿನಲ್ಲಿದ್ದರೆ ಕಂದಾಗಿಯೇ ಉಳಿಯುತ್ತದೆ. ಮಾದರಿಯ ಬಾಗಿಲು ನಿಜವಾದ ಮರದ ತೆಳುಪಟ್ಟಿಯಿಂದ ಮಾಡಿದ್ದರೆ ಬಣ್ಣಕ್ಕಿಂತ ಒಳ್ಳೆಯ ಉಪಾಯವಿದೆ. ಸ್ಟೀಲ್ ವುಲ್ ಎಂದು ಸಿಗುವ ಉಕ್ಕಿನ ನಾರನ್ನು ಬಿಳಿ ವಿನೆಗರಿನಲ್ಲಿ ಒಂದೆರಡು ದಿನ ನೆನೆಹಾಕಬೇಕು. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಜಾಲರಿ ಇದಕ್ಕೆ ಆಗದು, ಅದು ಕರಗುವುದಿಲ್ಲ. ಅನಿಲ ಹೊರಬರುವುದರಿಂದ ಬಾಟಲಿಯ ಮುಚ್ಚಳವನ್ನು ಬಿಗಿಯಬಾರದು. ಈ ದ್ರವ ಮರದಲ್ಲಿರುವ ಟ್ಯಾನಿನ್ ಜೊತೆ ವರ್ತಿಸಿ ಬೂದುಗಪ್ಪು ಬಣ್ಣ ಕೊಡುತ್ತದೆ. ಬಾಲ್ಸಾದಂಥ ಬಿಳಿ ಮರದಲ್ಲಿ ಟ್ಯಾನಿನ್ ಕಡಿಮೆ ಇರುವುದರಿಂದ ಮೊದಲು ಹಾಲು ಹಾಕದ ಕಡು ಚಹಾ ಬಳಿದು ಒಣಗಿಸಬೇಕು. ಅಂಟು ತಗುಲಿದ ಕಡೆ ಇದು ಹಿಡಿಯುವುದಿಲ್ಲವಾದ್ದರಿಂದ ಜೋಡಿಸುವ ಮೊದಲೇ ಮುಗಿಸಬೇಕು.

ಬಣ್ಣ ಎದ್ದ ಬಾಗಿಲಿಗೆ ಹೇರ್‌ಸ್ಪ್ರೇ ವಿಧಾನ ಚೆನ್ನಾಗಿ ಒಗ್ಗುತ್ತದೆ. ಬೂದು ಮರಕ್ಕೆ ವಾರ್ನಿಶ್, ಅದರ ಮೇಲೆ ಹೇರ್‌ಸ್ಪ್ರೇಯ ಎರಡು ತೆಳು ಪದರ, ಒಣಗಿದ ಮೇಲೆ ಹಸಿರು ಅಥವಾ ನೀಲಿ ಅಕ್ರಿಲಿಕ್. ಬಣ್ಣ ಕೈಗೆ ಅಂಟದಷ್ಟು ಒಣಗಿದ ಕೂಡಲೇ, ಮರುದಿನಕ್ಕೆ ಉಳಿಸದೆ, ನೀರು ತಾಗಿಸಿ ಗಡಸು ಬ್ರಶ್ಶಿನಿಂದ ಉಜ್ಜಿದರೆ ಕೆಳಗಿನ ಹೇರ್‌ಸ್ಪ್ರೇ ನೀರಿನಲ್ಲಿ ಕರಗಿ ಮೇಲಿನ ಬಣ್ಣ ಚಕ್ಕೆಯಾಗಿ ಬಿಡುತ್ತದೆ. ಬಾಗಿಲಿನ ಬುಡದಲ್ಲಿ ಹೆಚ್ಚು, ಕೈತಾಗುವ ಅಗುಳಿಯ ಸುತ್ತ ಸ್ವಲ್ಪ, ಮೇಲೆ ಇಲ್ಲವೇ ಇಲ್ಲ ಎಂಬಷ್ಟು.

ತಗಡಿನ ತುಕ್ಕು ಶುರುವಾಗುವುದು ಮೊಳೆ ಹೊಡೆದ ತೂತಿನಲ್ಲಿ, ಎರಡು ಶೀಟು ಒಂದರ ಮೇಲೊಂದು ಕೂರುವಲ್ಲಿ, ಕತ್ತರಿಸಿದ ಅಂಚಿನಲ್ಲಿ. ಹಳೆ ತುಕ್ಕು ಕಡುಗಂದು, ಹೊಸ ತುಕ್ಕು ಕಿತ್ತಳೆ. ಆದ್ದರಿಂದ ಗಾಢವಾದುದನ್ನು ಮೊದಲು ಸ್ಪಾಂಜಿನಿಂದ ಒತ್ತಿ, ಅದರ ನಡುವೆ ಬರ್ನ್ಟ್ ಸಿಯೆನ್ನಾವನ್ನೂ, ಅಲ್ಲೊಂದು ಇಲ್ಲೊಂದು ಕಿತ್ತಳೆ ಚುಕ್ಕೆಯನ್ನೂ ಇಡಬೇಕು. ಮೊಳೆಯಿಂದ ಕೆಳಕ್ಕೆ ತೈಲವರ್ಣದ ಸಣ್ಣ ಚುಕ್ಕೆಯಿಟ್ಟು ಟರ್ಪೆಂಟೈನ್ ಕುಂಚದಿಂದ ಕೆಳಮುಖವಾಗಿ ಎಳೆದರೆ ಸೋರಿದ ಕಲೆ ಸಿದ್ಧ. ಸಮುದ್ರಕ್ಕೆ ಎದುರಾದ ಬದಿಯ ಕಿಟಕಿ ಸರಳುಗಳು ಒಳಬದಿಯವಕ್ಕಿಂತ ಹೆಚ್ಚು ತುಕ್ಕು ಹಿಡಿದಿರಲಿ, ಸರಳಿನ ಬುಡದಿಂದ ಕಿಟಕಿಯ ದಂಡೆಯ ಮೇಲೆ ಒಂದೆರಡು ಕಂದು ಗೆರೆಗಳು ಇಳಿದಿರಲಿ.

ಗೋಡೆಯ ಕರಿಗೆರೆಗಳು

ಪ್ಯಾರಪೆಟ್ ಗೋಡೆಯ ನೆತ್ತಿ, ಸನ್‌ಶೇಡಿನ ಮೇಲ್ಮೈ, ಕಿಟಕಿಯ ದಂಡೆಯ ಎರಡೂ ತುದಿ: ನೀರು ನಿಂತು ಆಮೇಲೆ ಗೋಡೆಗುಂಟ ಇಳಿಯುವ ಜಾಗಗಳು ಇವು. ಕರಿಗೆರೆ ಹುಟ್ಟಬೇಕಾದುದು ಇಲ್ಲಿಂದಲೇ. ಗೋಡೆಯನ್ನು ಟರ್ಪೆಂಟೈನಿನಿಂದ ಲಘುವಾಗಿ ತೇವ ಮಾಡಿ, ಮೇಲಂಚಿನಲ್ಲಿ ಪೇನ್ಸ್ ಗ್ರೇ, ಅಂಬರ್, ಒಂದೆರಡು ಕಡೆ ಹಸಿರಿನ ಚುಕ್ಕೆಗಳನ್ನಿಟ್ಟು, ಚಪ್ಪಟೆ ಕುಂಚದಿಂದ ಕೆಳಕ್ಕೆ ಎಳೆಯಬೇಕು. ಪ್ರತಿ ಎಳೆತಕ್ಕೂ ಕುಂಚವನ್ನು ಒರೆಸಿಕೊಳ್ಳಬೇಕು. ಗೆರೆ ಮೇಲೆ ಅಗಲವಾಗಿ, ಗಾಢವಾಗಿ ಆರಂಭವಾಗಿ ಕೆಳಗೆ ಮೊನಚಾಗಿ ಮಾಯವಾಗಬೇಕು. ಎಲ್ಲವೂ ಒಂದೇ ಮಟ್ಟದಲ್ಲಿ ನಿಲ್ಲಬಾರದು. ಸನ್‌ಶೇಡಿನ ಕೆಳಗಿನ ಗೋಡೆ ಒಣಗಿದ್ದು ಶುಭ್ರವಾಗಿಯೇ ಇರುತ್ತದೆ, ಅಲ್ಲಿಗೆ ಕುಂಚ ಹೋಗಬಾರದು.

ಮಳೆಗಾಲದಲ್ಲಿ ಗೋಡೆಗೆ ಎರಚಲು ಬಡಿಯದಂತೆ ಮಡಲಿನ (ತೆಂಗಿನ ಗರಿಯ) ತಟ್ಟಿ ಅಥವಾ ಅಡಕೆ ಸೋಗೆ ಕಟ್ಟುವ ಪದ್ಧತಿ ಹಳ್ಳಿಯ ಮನೆಗಳಲ್ಲಿದೆ. ಈಗ ಹೆಚ್ಚಾಗಿ ಟಾರ್ಪಾಲು. ಅದರ ಹಿಂದಿನ ಗೋಡೆ ಅಕ್ಕಪಕ್ಕಕ್ಕಿಂತ ತಿಳಿಯಾಗಿ ಉಳಿದಿರುತ್ತದೆ. ಬೇಸಿಗೆಯ ಮಾದರಿಯಲ್ಲಿ ತಟ್ಟಿಯನ್ನು ತೋರಿಸದೆ, ಆ ತಿಳಿ ಆಯತವನ್ನೂ ಮೇಲ್ಗಡೆ ಹಗ್ಗ ಕಟ್ಟಿದ ಮೊಳೆಗಳನ್ನೂ ಮಾತ್ರ ತೋರಿಸಬಹುದು. ಗೋಡೆಗೆ ಯಕ್ಷಗಾನ ಮೇಳದ ಪೋಸ್ಟರ್ ಅಂಟಿಸುವುದಾದರೆ ಇಂಕ್‌ಜೆಟ್ ಮುದ್ರಣ ನೀರಿಗೆ ಕದಡುವುದರಿಂದ ಲೇಸರ್ ಮುದ್ರಣ ಮಾಡಿಸಿ, ಹಿಂಬದಿಯನ್ನು ಮರಳುಕಾಗದದಿಂದ ತಿಕ್ಕಿ ತೆಳುವಾಗಿಸಿ ಅಂಟಿಸಿ, ಒಣಗಿದ ಮೇಲೆ ಒಂದು ಮೂಲೆ ಹರಿಯಬೇಕು.

ಕೆಸರು ಮತ್ತು ಹುಡಿ

ಮಾಡಿನ ಅಂಚಿನಿಂದ ಬೀಳುವ ನೀರು ಅಂಗಳದ ಕೆಂಪು ಮಣ್ಣನ್ನು ಗೋಡೆಗೆ ಸಿಡಿಸುತ್ತದೆ. ಒಂದೂವರೆಯಿಂದ ಎರಡು ಅಡಿ ಎತ್ತರದವರೆಗಿನ ಈ ಕೆಂಪು ಪಟ್ಟಿ 1:50ರಲ್ಲಿ 9ರಿಂದ 12 ಮಿ.ಮೀ. ಹಲ್ಲಿನ ಬ್ರಶ್ಶಿಗೆ ತೆಳು ಕೆಂಪುಗಂದು ತಾಗಿಸಿ, ಮೇಲಿನ ಗೋಡೆಯನ್ನು ಕಾಗದದಿಂದ ಮುಚ್ಚಿಕೊಂಡು, ಬೆರಳಿನಿಂದ ಕೂದಲು ಮೀಟಿ ಕೆಳಗಿನಿಂದ ಸಿಡಿಸಿದರೆ ಅಸಲಿಗೆ ಹತ್ತಿರವಾದ ಪರಿಣಾಮ ಬರುತ್ತದೆ. ಕಾಗದವನ್ನು ಗೋಡೆಗೆ ತಾಗಿಸದೆ ಸ್ವಲ್ಪ ದೂರ ಹಿಡಿದರೆ ಪಟ್ಟಿಯ ಮೇಲಂಚು ಗೆರೆ ಕೊಯ್ದಂತಾಗುವುದಿಲ್ಲ. ನೀರು ಬೀಳುವ ಸಾಲಿನಲ್ಲಿ, ಗೋಡೆಯಿಂದ 12ರಿಂದ 15 ಮಿ.ಮೀ ದೂರದಲ್ಲಿ, ನೆಲದ ಮಣ್ಣು ಕೊಚ್ಚಿಹೋಗಿ ಸಣ್ಣ ಜಲ್ಲಿ ಎದ್ದ ಒಂದು ತೆಳು ಕಾಲುವೆಯನ್ನೂ ಮರೆಯಬಾರದು. ಕಟ್ಟಡವನ್ನು ನೆಲಕ್ಕೆ ಸೇರಿಸುವ ಕೆಲಸವನ್ನು ಇವೆರಡೇ ಮಾಡಿಕೊಡುತ್ತವೆ.

ಒಣಪುಡಿ ಕಟ್ಟಕಡೆಗೆ. ಮೇಲೆ ವಾರ್ನಿಶ್ ಸಿಂಪಡಿಸಿದರೆ ಪುಡಿಯ ಬಣ್ಣ ಬಹುಪಾಲು ಮಾಯವಾಗುವುದರಿಂದ ವಾರ್ನಿಶ್ ಕೆಲಸವೆಲ್ಲ ಮುಗಿದ ಮೇಲೆ ಪುಡಿ ಹಚ್ಚಿ, ಅಂಚಿನಿಂದ ಐಸೊಪ್ರೊಪೈಲ್ ಆಲ್ಕೊಹಾಲಿನ ಹನಿ ತಾಗಿಸಿ ಒಳಕ್ಕೆ ಹರಿಯಬಿಡುವುದು ಮೇಲು. ಕೈ ತಾಗದ ಕಡೆ ಅಷ್ಟು ಹಿಡಿತ ಸಾಕು.

ಮಳೆಗಾಲದಲ್ಲಿ ಈ ಕೆಲಸ ಮಾಡುವವರಿಗೆ

ಜುಲೈ ತಿಂಗಳಲ್ಲಿ ಗಾಳಿಯ ತೇವಾಂಶ ಶೇಕಡಾ 85ನ್ನೂ ಮೀರಿರುವಾಗ ಸ್ಪ್ರೇ ವಾರ್ನಿಶ್ ಬಳಸಿದರೆ ಮೇಲ್ಮೈಯಲ್ಲಿ ಬಿಳಿ ಮಂಜು ಕಟ್ಟುತ್ತದೆ. ಕುಂಚದಿಂದ ಹಚ್ಚುವ ನೀರಿನ ಮ್ಯಾಟ್ ವಾರ್ನಿಶ್ ಆಗ ಸುರಕ್ಷಿತ. ಸ್ಪ್ರೇಯೇ ಬೇಕಿದ್ದರೆ ಹೊಳವಾದ ಮಧ್ಯಾಹ್ನಕ್ಕಾಗಿ ಕಾಯಬೇಕು. ತೈಲವರ್ಣಕ್ಕೆ ಬೇಸಿಗೆಯಲ್ಲಿ ಒಂದು ದಿನ ಬೇಕಾದಲ್ಲಿ ಮಳೆಯಲ್ಲಿ ಎರಡು ಮೂರು ದಿನ ಬಿಡಬೇಕು. ಟರ್ಪೆಂಟೈನ್ ಬಳಸುವಾಗ ಎರಚಲಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿ ಕೂರಬಾರದು.

ಕೆಲಸ ಮುಗಿದ ಮೇಲೆ ಯಾವುದೋ ಭಾಗ ಅತಿಯಾಗಿ ಕಂಡರೆ ಕೆರೆದು ತೆಗೆಯುವ ಅಗತ್ಯವಿಲ್ಲ. ಗೋಡೆಯ ಮೂಲಬಣ್ಣವನ್ನು ತುಂಬ ನೀರು ಮಾಡಿ ಆ ಭಾಗದ ಮೇಲೆ ಒಂದು ತೆಳು ಪರದೆಯಂತೆ ಹಾಯಿಸಿದರೆ ಕಲೆ ಹಿಂದೆ ಸರಿಯುತ್ತದೆ. ಇದನ್ನು ಒಣಪುಡಿ ಹಚ್ಚುವ ಮೊದಲು, ಒಂದೇ ದೀಪವನ್ನು ಮೇಲಿನಿಂದ ಹಾಕಿ, ಕೈಯಳತೆಯ ದೂರದಿಂದ ನೋಡಿ ನಿರ್ಧರಿಸಬೇಕು.

ಮಾದರಿಯನ್ನು ಗಾಜಿನ ಅಥವಾ ಅಕ್ರಿಲಿಕ್ ಪೆಟ್ಟಿಗೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬಹುದು. ಪೊಟ್ಟಣಗಳನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ ಆಗಾಗ ಬದಲಿಸುತ್ತಿರಬೇಕು. ಹುಳಕ್ಕೆಂದು ಕಪಾಟಿನಲ್ಲಿ ಹಾಕುವ ನಾಫ್ತಲೀನ್ ಗುಳಿಗೆಗಳನ್ನು ಇದರ ಹತ್ತಿರ ತರಬಾರದು, ಅದರ ಆವಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೂ ಥರ್ಮಾಕೋಲನ್ನೂ ಮೆತ್ತಗಾಗಿಸುತ್ತದೆ. ಮೈದಾ ಅಂಟು ಬಳಸಿ ಮಾಡಿದ ಮಾದರಿಯಾದರೆ ಒಳಬದಿಗೂ ವಾರ್ನಿಶ್ ಹಚ್ಚಬೇಕು, ಇಲ್ಲವಾದರೆ ಬೂಸ್ಟು ಒಳಗಿನಿಂದಲೇ ಬರುತ್ತದೆ.